ಪೂರ್ಣವಿರಾಮದ ಆಚೆ ಏನಿದೆ?

ಜಮೈಕಾದ ಕಾನ್‌ಸ್ಟಂಟ್ ಸ್ಪ್ರಿಂಗ್‌ನ ಚೀನೀ ಮೂಲದ ಕುಟುಂಬವೊಂದರ ರಕ್ತದಲ್ಲಿ ವಿಚಿತ್ರ ಹಿಮೋಗ್ಲೋಬಿನ್ ಸಿಕ್ಕಿತು. ಅದರ ಆಲ್ಫಾ ಗ್ಲೋಬಿನ್ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿರಬೇಕಿತ್ತು, ಇದ್ದದ್ದು 172. ಪ್ರೋಟೀನ್ ತಯಾರಿಕೆ ನಿಲ್ಲಬೇಕಾದ ಕಡೆ ನಿಂತಿಲ್ಲ ಎಂದು 1971ರಲ್ಲಿ ಜಾನ್ ಕ್ಲೆಗ್, ಡೇವಿಡ್ ವೆದರಾಲ್ ಮತ್ತು ಮಿಲ್ನರ್ ಊಹಿಸಿದರು.

ಊಹೆ ಸರಿಯಾಗಿತ್ತು. ಆಲ್ಫಾ ಗ್ಲೋಬಿನ್‌ನ ಮೆಸೆಂಜರ್ ಆರ್‌ಎನ್‌ಎಯಲ್ಲಿ 'ಯುಎಎ' ಎಂಬ ಮೂರಕ್ಷರ ಬಂದರೆ ಅಲ್ಲಿಗೆ ಪೂರ್ಣವಿರಾಮ. ಇಲ್ಲಿ ಅದು 'ಸಿಎಎ' ಆಗಿ, ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಸಂಕೇತವಾಗಿಬಿಟ್ಟಿತ್ತು. ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ನಿಲ್ಲದೆ ಮುಂದಕ್ಕೆ ಓದಿಕೊಂಡು ಹೋಗಿತ್ತು. ಹೀಗೆ ಸೇರಿಕೊಂಡ 31 ಅಮೈನೋ ಆಮ್ಲಗಳನ್ನು ನೋಡಿ, ಎಂದೂ ಪ್ರೋಟೀನ್ ಆಗದ ಆ ಕೊನೆಯ ಭಾಗದಲ್ಲಿ ಯಾವ ಅಕ್ಷರಗಳಿವೆ ಎಂದು ಅಂದಾಜು ಮಾಡಬಹುದಾಯಿತು. ಅಂದಾಜು ಮಾತ್ರ, ಒಂದೇ ಅಮೈನೋ ಆಮ್ಲಕ್ಕೆ ಹಲವು ಸಂಕೇತಗಳಿರುತ್ತವಲ್ಲ.

ಖಚಿತವಾಗಬೇಕಾದರೆ ಆರ್‌ಎನ್‌ಎಯನ್ನೇ ಓದಬೇಕು. ಅದಕ್ಕೆ ಗ್ಲೋಬಿನ್ ಹೇಳಿಮಾಡಿಸಿದಂತಿತ್ತು. ನ್ಯೂಕ್ಲಿಯಸ್ ಕಳೆದುಕೊಂಡ ಎಳೆಯ ಕೆಂಪು ರಕ್ತಕಣದಲ್ಲಿ ಉಳಿದಿರುವ ಮೆಸೆಂಜರ್ ಆರ್‌ಎನ್‌ಎ ಬಹುಪಾಲು ಗ್ಲೋಬಿನ್‌ನದೇ. ಅದರ ತುದಿಗೆ 'ಎ' ಅಕ್ಷರಗಳ ಉದ್ದನೆಯ ಬಾಲ. 'ಟಿ' ಅಕ್ಷರಗಳ ಚಿಕ್ಕ ಎಳೆಯನ್ನು ಆ ಬಾಲಕ್ಕೆ ಕೂಡಿಸಿದರೆ, ಅಲ್ಲಿಂದ ಹಿಮ್ಮುಖವಾಗಿ ಡಿಎನ್‌ಎ ಪ್ರತಿ ತೆಗೆಯಬಹುದು. 1976ರಲ್ಲಿ ಕೇಂಬ್ರಿಜ್‌ನ ನಿಕ್ ಪ್ರೌಡ್‌ಫೂಟ್ ಮತ್ತು ಜಾರ್ಜ್ ಬ್ರೌನ್‌ಲೀ, ಮನುಷ್ಯನ ಮತ್ತು ಮೊಲದ ಗ್ಲೋಬಿನ್ ಸೇರಿದಂತೆ ಆರು ಮೆಸೆಂಜರ್ ಆರ್‌ಎನ್‌ಎಗಳನ್ನು (ಎಂಆರ್‌ಎನ್‌ಎ) ಹೋಲಿಸಿದರು. ಎಲ್ಲದರಲ್ಲೂ ಬಾಲಕ್ಕೆ ಸುಮಾರು 20 ಅಕ್ಷರ ಮುಂಚೆ 'ಎಎಯುಎಎಎ' ಕಾಣಿಸಿತು.

ಆ ಆರು ಅಕ್ಷರಗಳ ಮಹತ್ವ 1983ರಲ್ಲಿ ರೋಗಿಗಳ ರಕ್ತದಲ್ಲೇ ಸಾಬೀತಾಯಿತು. ಆಲ್ಫಾ ಗ್ಲೋಬಿನ್ ಕೊರತೆಯ ಕಾಯಿಲೆಯಾದ ಆಲ್ಫಾ ಥಲಸೇಮಿಯಾ ಇದ್ದ ಸೌದಿ ಅರೇಬಿಯಾದ ರೋಗಿಗಳ ಜೀನ್‌ನಲ್ಲಿ ಕೊನೆಯ 'ಎ' ಜಾಗದಲ್ಲಿ 'ಜಿ' ಇತ್ತು. ಪ್ರೋಟೀನ್‌ನ ಸಂಕೇತಕ್ಕೆ ಏನೂ ಆಗಿರಲಿಲ್ಲ. ಆದರೆ ಆರ್‌ಎನ್‌ಎಯನ್ನು ಎಲ್ಲಿ ಕತ್ತರಿಸಿ ಬಾಲ ಜೋಡಿಸಬೇಕೆಂಬ ಗುರುತೇ ಕೆಟ್ಟು, ಗ್ಲೋಬಿನ್ ಸಾಲದಾಗಿತ್ತು. ಆ ಪ್ರಬಂಧದ ಲೇಖಕರಲ್ಲಿ ಕ್ಲೆಗ್, ವೆದರಾಲ್, ಪ್ರೌಡ್‌ಫೂಟ್ ಮೂವರೂ ಇದ್ದರು.

172 ಅಮೈನೋ ಆಮ್ಲಗಳ ಸರಪಳಿ ರಕ್ತದಲ್ಲಿ ತೀರಾ ಅಲ್ಪ ಪ್ರಮಾಣದಲ್ಲಿ ಸಿಗುವುದೇಕೆ ಎಂಬುದೂ ಮುಂದೆ ತಿಳಿಯಿತು. ಕೊನೆಯ ಭಾಗಕ್ಕೆ ಅಂಟಿಕೊಂಡ ಕೆಲವು ಪ್ರೋಟೀನ್‌ಗಳು ಆರ್‌ಎನ್‌ಎಯನ್ನು ಕಾಯುತ್ತವೆ. ರೈಬೋಸೋಮ್ ಅಲ್ಲಿಗೆ ನುಗ್ಗಿದರೆ ಆ ಕಾವಲು ಕಳಚಿ, ಆರ್‌ಎನ್‌ಎ ಬೇಗ ನಾಶವಾಗುತ್ತದೆ. ನ್ಯೂಕ್ಲಿಯಸ್ ಇಲ್ಲದ ಕಣ ಹೊಸದನ್ನು ತಯಾರಿಸಲಾರದು.

ಆರ್‌ಎನ್‌ಎಯ ಮೊದಲ ತುದಿಗೂ ಇಂಥದೇ ಬೆಲೆಯಿದೆ. ಫೈಜರ್-ಬಯೋಎನ್‌ಟೆಕ್ ಕೋವಿಡ್ ಲಸಿಕೆಯ ಎಂಆರ್‌ಎನ್‌ಎಯಲ್ಲಿ ಆ ಭಾಗವನ್ನು ಮನುಷ್ಯನ ಆಲ್ಫಾ ಗ್ಲೋಬಿನ್‌ನಿಂದಲೇ ಪಡೆಯಲಾಗಿದೆ. ಥಲಸೇಮಿಯಾ ಪತ್ತೆಗೆ ಜೀನ್ ಪರೀಕ್ಷಿಸುವವರೂ ಪ್ರೋಟೀನ್‌ನ ಸಂಕೇತವನ್ನಷ್ಟೇ ಓದಿ ಸುಮ್ಮನಾಗುವಂತಿಲ್ಲ; ತಪ್ಪು ಅದರ ಆಚೆಯೂ ಇರಬಹುದು.