ಪುಟ್ಟ ಕೆಂಪು ದೀಪ ಏನು ಹೇಳುತ್ತದೆ?



ಟಿ.ವಿ.ಯನ್ನು ರಿಮೋಟಿನಿಂದ ಆರಿಸಿದ ಮೇಲೂ ಅದರ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಉರಿಯುತ್ತಿರುವುದನ್ನು ನೀವು ನೋಡಿರಬಹುದು. ಆದರೆ ಜಾತ್ರೆಗೆ ಬರುವ ಮೈಕ್‌ಸೆಟ್ಟಿನವರ ಆಂಪ್ಲಿಫೈಯರ್ ಪೆಟ್ಟಿಗೆಯ ದೀಪ ಸ್ವಿಚ್ ಹಾಕಿದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಎರಡೂ ಸೂಚಕ ದೀಪಗಳೇ. ಹಾಗಿದ್ದರೆ ಈ ವ್ಯತ್ಯಾಸ ಏಕೆ? ಉತ್ತರ ದೀಪದೊಳಗೆ ಇಲ್ಲ. ದೀಪವನ್ನು ವಿದ್ಯುತ್ ಮಂಡಲದಲ್ಲಿ ಎಲ್ಲಿ ಜೋಡಿಸಿದ್ದಾರೆ ಎಂಬುದರಲ್ಲಿದೆ. ಒಂದು ಪುಟ್ಟ ಧ್ವನಿವರ್ಧಕಕ್ಕೆ ನಾವೇ ಸ್ವಿಚ್ಚನ್ನೂ ದೀಪವನ್ನೂ ಜೋಡಿಸುತ್ತಾ ಇದನ್ನು ತಿಳಿಯೋಣ.

ಬೇಕಾಗುವ ವಸ್ತುಗಳು: ಎಲ್.ಎಂ. 386 ಎಂಬ ಐ.ಸി. ಇರುವ ಸಣ್ಣ ಆಂಪ್ಲಿಫೈಯರ್ ಬೋರ್ಡ್, 8 ಓಮ್‌ನ ಚಿಕ್ಕ ಸ್ಪೀಕರ್, 9 ವೋಲ್ಟಿನ ಬ್ಯಾಟರಿ ಮತ್ತು ಅದರ ಕ್ಲಿಪ್, ಮೂರು ಕಾಲಿನ ಟಾಗಲ್ ಸ್ವಿಚ್, ಒಂದು ಕೆಂಪು ಎಲ್.ಇ.ಡಿ., 1 ಕಿಲೋಓಮ್ ಮತ್ತು 4.7 ಕಿಲೋಓಮ್‌ನ ತಲಾ ಒಂದು ರೋಧಕ, ತಂತಿ, ಇನ್ಸುಲೇಷನ್ ಟೇಪ್. ರೇಡಿಯೋ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಇವು ಸಿಗುತ್ತವೆ. ಕೆಲವು ಬೋರ್ಡ್‌ಗಳಲ್ಲಿ ದೀಪ ಮೊದಲೇ ಇರುತ್ತದೆ, ಅದಿಲ್ಲದ್ದನ್ನು ಕೇಳಿ ತನ್ನಿ. ಬೋರ್ಡ್ ಸಿಗದಿದ್ದರೆ 9 ವೋಲ್ಟಿನ ಒಂದು ಬಜರ್ ಇಟ್ಟುಕೊಂಡರೂ ಜೋಡಣೆ ಬದಲಾಗುವುದಿಲ್ಲ. ಬೆಸುಗೆ ಹಾಕುವುದಾದರೆ ಆ ಕೆಲಸ ಶಿಕ್ಷಕರದು. ತಂತಿ ಬಿಗಿಯಾಗಿ ಸುತ್ತಿ ಟೇಪ್ ಅಂಟಿಸಿದರೂ ಸಾಕು.

ಮೊದಲು ಸ್ವಿಚ್. ಮೂರು ಕಾಲುಗಳಲ್ಲಿ ನಡುವಿನದು ಎರಡಕ್ಕೂ ಸಾಮಾನ್ಯ. ಕಡ್ಡಿಯನ್ನು ಆ ಕಡೆಗೆ ಒತ್ತಿದರೆ ನಡುವಿನ ಕಾಲು ಒಂದು ಪಕ್ಕದ ಕಾಲಿಗೆ, ಈ ಕಡೆಗೆ ಒತ್ತಿದರೆ ಇನ್ನೊಂದಕ್ಕೆ ಕೂಡುತ್ತದೆ. ಇಲ್ಲೊಂದು ತಮಾಷೆ ಇದೆ. ಟಾಗಲ್ ಸ್ವಿಚ್ಚಿನ ಕಡ್ಡಿ ಮೇಲಕ್ಕಿದ್ದರೆ ಒಳಗೆ ಕೂಡುವುದು ಕೆಳಗಿನ ಕಾಲು! ಒಳಗಿನ ಭಾಗ ಏತದಂತೆ ಒಂದು ತುದಿ ಏರಿದರೆ ಇನ್ನೊಂದು ಇಳಿಯುವ ಹಾಗಿರುತ್ತದೆ. ಆದ್ದರಿಂದ ಊಹಿಸಬೇಡಿ. ಟಾರ್ಚಿನ ಬಲ್ಬು ಮತ್ತು ಶುಷ್ಕಕೋಶದಿಂದ ಪರೀಕ್ಷಿಸಿ, ಯಾವ ಕಾಲು ಯಾವಾಗ ಕೂಡುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಇನ್ನು ಎಲ್.ಇ.ಡಿ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಡಯಲಿನ ಹಿಂದೆ ಪುಟ್ಟ ತಂತಿಬಲ್ಬು ಉರಿಯುತ್ತಿತ್ತು. ಕಣ್ಣಿಗೆ ಕಾಣುವ ಕೆಂಪು ಬೆಳಕು ಕೊಡುವ ಎಲ್.ಇ.ಡಿ.ಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ತಯಾರಿಸಿದರು. ತಂತಿಬಲ್ಬಿಗೆ ಯಾವ ತುದಿ ಯಾವ ಕಡೆ ಎಂಬ ಹಂಗಿಲ್ಲ. ಎಲ್.ಇ.ಡಿ.ಗೆ ಇದೆ. ಅದರ ಉದ್ದ ಕಾಲು ಧನಾಗ್ರದ ಕಡೆಗೆ, ಗಿಡ್ಡ ಕಾಲು ಋಣಾಗ್ರದ ಕಡೆಗೆ ಇರಬೇಕು. ತಿರುಗುಮುರುಗಾದರೆ ಬೆಳಗುವುದಿಲ್ಲ.

ಎಲ್.ಇ.ಡಿ.ಯನ್ನು ಬ್ಯಾಟರಿಗೆ ನೇರವಾಗಿ ಮುಟ್ಟಿಸಬೇಡಿ. ಕೆಂಪು ಎಲ್.ಇ.ಡಿ.ಗೆ ಸುಮಾರು 2 ವೋಲ್ಟ್ ಸಾಕು, ನಮ್ಮ ಬಳಿ ಇರುವುದು 9. ಉಳಿದ 7 ವೋಲ್ಟನ್ನು ರೋಧಕಕ್ಕೆ ಹೊರಿಸಬೇಕು. ಓಮ್‌ನ ನಿಯಮದಂತೆ 7 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿದರೆ 7 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಕಂದು, ಕಪ್ಪು, ಕೆಂಪು ಪಟ್ಟೆ ಇದ್ದರೆ ಅದು 1 ಕಿಲೋಓಮ್. ಅದನ್ನು ಎಲ್.ಇ.ಡಿ.ಯ ಒಂದು ಕಾಲಿಗೆ ಸೇರಿಸಿಬಿಡಿ. ಇನ್ನು ಮುಂದೆ ಈ ಜೋಡಿಯನ್ನೇ ದೀಪ ಎನ್ನೋಣ.

ಈಗ ಮುಖ್ಯ ಕೆಲಸ. ಬ್ಯಾಟರಿಯ ಕೆಂಪು ತಂತಿಯನ್ನು ಸ್ವಿಚ್ಚಿನ ನಡುವಿನ ಕಾಲಿಗೂ, ಒಂದು ಪಕ್ಕದ ಕಾಲಿನಿಂದ ಇನ್ನೊಂದು ತಂತಿಯನ್ನು ಬೋರ್ಡಿನ ಧನ ಗುರುತಿಗೂ ಜೋಡಿಸಿ. ಬ್ಯಾಟರಿಯ ಕಪ್ಪು ತಂತಿ ನೇರವಾಗಿ ಬೋರ್ಡಿನ ಋಣ ಗುರುತಿಗೆ. ಸ್ಪೀಕರನ್ನು ಅದರ ಜಾಗಕ್ಕೆ ಸೇರಿಸಿ. ದೀಪವನ್ನು ಎಲ್ಲಿ ಇಡೋಣ?

ಮಕ್ಕಳು ಸಾಮಾನ್ಯವಾಗಿ ಮೊದಲು ಮಾಡುವುದು, ಸ್ವಿಚ್ಚಿನಿಂದ ಬೋರ್ಡಿಗೆ ಹೋಗುವ ತಂತಿಯನ್ನೇ ಕತ್ತರಿಸಿ ನಡುವೆ ದೀಪ ಸೇರಿಸುವುದು. ಮಾಡಿ ನೋಡಿ. ಸ್ಪೀಕರಿನ ದನಿ ಕ್ಷೀಣವಾಗಿ ಒಡೆದೊಡೆದು ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಆಂಪ್ಲಿಫೈಯರ್‌ಗೆ ಬೇಕಾದ ಪ್ರವಾಹವೆಲ್ಲ ಆ ರೋಧಕದ ಇಕ್ಕಟ್ಟಿನಲ್ಲೇ ನುಸುಳಬೇಕಲ್ಲ! ಇದು ಸರಣಿ ಜೋಡಣೆ. ದೀಪ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಕವಲುಗಳಲ್ಲಿರಬೇಕು, ಅಂದರೆ ಸಮಾಂತರವಾಗಿ.

ಸಮಾಂತರ ಜೋಡಣೆಯಲ್ಲೂ ಎರಡು ಜಾಗಗಳಿವೆ. ದೀಪದ ಧನ ತುದಿಯನ್ನು ಸ್ವಿಚ್ಚಿನ ನಡುವಿನ ಕಾಲಿಗೆ, ಋಣ ತುದಿಯನ್ನು ಕಪ್ಪು ತಂತಿಗೆ ಸೇರಿಸಿ. ದೀಪ ಸದಾ ಉರಿಯುತ್ತದೆ. ಅದು ಸ್ವಿಚ್ಚಿಗೆ ಮುಂಚೆಯೇ ಇದೆ, ಸ್ವಿಚ್ ಅದನ್ನು ತಡೆಯಲಾರದು. ಈಗ ಧನ ತುದಿಯನ್ನು ಬೋರ್ಡಿಗೆ ಹೋಗುವ ಪಕ್ಕದ ಕಾಲಿಗೆ ಬದಲಿಸಿ. ಸ್ವಿಚ್ ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ. ದೀಪ ಹೇಳುವುದು ತನ್ನ ತಂತಿಗಳು ಕೂಡಿರುವ ಜಾಗದ ಸುದ್ದಿಯನ್ನು ಮಾತ್ರ.

ನಮ್ಮ ಪೆಟ್ಟಿಗೆಗೆ ಎರಡನೆಯ ಜಾಗವೇ ಸರಿ. ಲೆಕ್ಕ ಮಾಡಿದರೆ ಗೊತ್ತಾಗುತ್ತದೆ. ಬ್ಯಾಟರಿಯ ಸಾಮರ್ಥ್ಯ 400 ಮಿಲಿಆಂಪಿಯರ್-ಗಂಟೆ ಎಂದು ಇಟ್ಟುಕೊಳ್ಳೋಣ. ಸದಾ ಉರಿಯುವ ದೀಪ 7 ಮಿಲಿಆಂಪಿಯರ್ ಕುಡಿದರೆ ಬರುವುದು ಸುಮಾರು 57 ಗಂಟೆ. ಶನಿವಾರ ಮಧ್ಯಾಹ್ನ ಹೊಸ ಬ್ಯಾಟರಿ ಹಾಕಿಟ್ಟು ಮನೆಗೆ ಹೋದರೆ ಸೋಮವಾರ ರಾತ್ರಿಗೆ ಖಾಲಿ, ಒಂದು ಹಾಡನ್ನೂ ಕೇಳದೆ! ಇನ್ನೊಂದು ವಿಷಯ ಕೇಳಿ. ಎಲ್.ಎಂ. 386 ಸದ್ದಿಲ್ಲದೆ ಕುಳಿತಿರುವಾಗ ಬಳಸುವುದು ಸುಮಾರು 4 ಮಿಲಿಆಂಪಿಯರ್. ಅಂದರೆ ಯಜಮಾನನಿಗಿಂತ ಕಾವಲುಗಾರನ ಊಟವೇ ಹೆಚ್ಚಾಯಿತು. ಅದಕ್ಕೇ 4.7 ಕಿಲೋಓಮ್ ತರಿಸಿದ್ದು. ಹಳದಿ, ನೇರಳೆ, ಕೆಂಪು ಪಟ್ಟೆಯ ಆ ರೋಧಕವನ್ನು ಹಾಕಿದರೆ ದೀಪದ ಪ್ರವಾಹ 1.5 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಬೆಳಕು ಕೊಂಚ ಮಂಕಾದರೂ ಕೋಣೆಯೊಳಗೆ ಚೆನ್ನಾಗಿ ಕಾಣುತ್ತದೆ.

ಸ್ವಿಚ್ ಆರಿಸಿದ ಗಳಿಗೆಯಲ್ಲಿ ದೀಪವನ್ನೇ ದಿಟ್ಟಿಸಿ. ಬೋರ್ಡಿನಲ್ಲಿ ದೊಡ್ಡ ಕೆಪಾಸಿಟರ್ ಇದ್ದರೆ ದೀಪ ಥಟ್ಟನೆ ಆರದೆ ಮೆಲ್ಲಗೆ ಮಂಕಾಗುತ್ತದೆ. ಪಂಪು ನಿಲ್ಲಿಸಿದ ಮೇಲೂ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲಿ ಬರುವುದಿಲ್ಲವೇ? ಹಾಗೆಯೇ ಕೆಪಾಸಿಟರಿನಲ್ಲಿ ಉಳಿದ ವಿದ್ಯುದಾವೇಶ ಖಾಲಿಯಾಗುವವರೆಗೆ ಬೆಳಕು. ನಮ್ಮ 9 ವೋಲ್ಟಿನ ಆಟದಲ್ಲಿ ಇದು ಚಂದ. ಮನೆಯ ಕರೆಂಟಿನಿಂದ ನಡೆಯುವ ದೊಡ್ಡ ಉಪಕರಣಗಳಲ್ಲಿ ಪ್ಲಗ್ ಕಿತ್ತ ಮೇಲೂ ಹೀಗೆ ಉಳಿದ ಆವೇಶ ಅಪಾಯಕಾರಿ. ಅವನ್ನು ಬಿಚ್ಚಲು ಹೋಗಬೇಡಿ.

ಈಗ ಸ್ಪೀಕರಿನ ಒಂದು ತಂತಿ ಕಳಚಿ. ದನಿ ನಿಂತಿತು, ದೀಪ ಉರಿಯುತ್ತಲೇ ಇದೆ. ದೀಪ ಉರಿದರೆ ಯಂತ್ರ ಸರಿಯಾಗಿದೆ ಎಂದು ಅರ್ಥವಲ್ಲ. ತಂತಿಯನ್ನು ಮತ್ತೆ ಸೇರಿಸಿ, ಎಲ್.ಇ.ಡಿ.ಯ ಋಣ ತುದಿಯನ್ನು ಕಪ್ಪು ತಂತಿಯಿಂದ ಬಿಡಿಸಿ. ದೀಪ ಆರಿತು, ಹಾಡು ಮಾತ್ರ ಕೇಳುತ್ತಲೇ ಇದೆ.

ಈ ಕೊನೆಯ ಪ್ರಯೋಗವನ್ನು ಮನೆಯ ಸ್ವಿಚ್‌ಬೋರ್ಡಿನ ಮುಂದೆ ನಿಂತು ನೆನಪಿಸಿಕೊಳ್ಳಿ. ಅಲ್ಲಿನ ಪುಟ್ಟ ಕೆಂಪು ಇಂಡಿಕೇಟರ್ ಫೇಸ್ ಮತ್ತು ನ್ಯೂಟ್ರಲ್ ತಂತಿಗಳ ನಡುವೆ ಇರುತ್ತದೆ. ಅದು ಕೆಟ್ಟರೆ, ಇಲ್ಲವೆ ಎಲ್ಲೋ ನ್ಯೂಟ್ರಲ್ ತಂತಿ ತುಂಡಾದರೆ ಇಂಡಿಕೇಟರ್ ಆರುತ್ತದೆ. ಫೇಸ್ ತಂತಿಯಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. "ಕೆಂಪು ದೀಪ ಇಲ್ಲ, ಕರೆಂಟ್ ಹೋಗಿದೆ" ಎಂದು ಹೋಲ್ಡರಿಗೋ ಪ್ಲಗ್ಗಿನ ತೂತಿಗೋ ಕೈ ಹಾಕಿದರೆ ಜೀವಕ್ಕೇ ಅಪಾಯ. ಮನೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸ್ ತಂತಿಯಲ್ಲೇ ಹಾಕಬೇಕೆಂಬ ನಿಯಮವೂ ಇದೇ ಕಾರಣಕ್ಕೆ. ನ್ಯೂಟ್ರಲ್‌ನಲ್ಲಿ ಹಾಕಿದರೂ ಬಲ್ಬು ಆರುತ್ತದೆ, ಆದರೆ ಹೋಲ್ಡರಿನಲ್ಲಿ ಫೇಸ್ ಕಾದು ಕುಳಿತಿರುತ್ತದೆ. ಬಲ್ಬು ಬದಲಿಸುವ ದೊಡ್ಡವರು ಮೇನ್ ಸ್ವಿಚ್ಚನ್ನೇ ಆರಿಸಲಿ. ಇದನ್ನು ಮನೆಯಲ್ಲಿ ನೀವು ಹೇಳಬೇಕು.

ನಿಮಗೊಂದು ಕೆಲಸ: ನಮ್ಮ ಸ್ವಿಚ್ಚಿನ ಮೂರನೆಯ ಕಾಲು ಇನ್ನೂ ಖಾಲಿ ಇದೆ. ಅಲ್ಲಿಂದ ಕಪ್ಪು ತಂತಿಗೆ 4.7 ಕಿಲೋಓಮ್ ರೋಧಕದ ಜೊತೆ ಒಂದು ಹಸಿರು ಎಲ್.ಇ.ಡಿ. ಸೇರಿಸಿದರೆ ಅದು ಯಾವಾಗ ಉರಿಯುತ್ತದೆ? ಅದಕ್ಕೂ 2 ವೋಲ್ಟ್ ಸಾಕೆಂದು ಇಟ್ಟುಕೊಂಡು, ರಜೆಯಲ್ಲಿ ಪೆಟ್ಟಿಗೆ ಹಾಗೆಯೇ ಬಿದ್ದಿದ್ದರೆ ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದು ಲೆಕ್ಕ ಹಾಕಿ.