ಕೊರೊನಾ ಕಾಲದ ಸಂಸಾರ: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಗಂಡ ಹೆಂಡತಿ ತಿಂಗಳುಗಟ್ಟಲೆ ಮನೆಯೊಳಗೇ ಉಳಿದಿದ್ದರಿಂದ ಲಾಕ್‌ಡೌನ್‌ನಲ್ಲಿ ಎಲ್ಲ ಕಡೆ ಡೈವೋರ್ಸ್ ಹೆಚ್ಚಿತು.

ಸತ್ಯ: 2020ರಲ್ಲಿ ಹಲವು ದೇಶಗಳಲ್ಲಿ ಅದು ಇಳಿಯಿತು. ಜಪಾನಿನಲ್ಲಿ ಸುಮಾರು 2.08 ಲಕ್ಷದಿಂದ 1.93 ಲಕ್ಷಕ್ಕೆ, ಅಮೆರಿಕದಲ್ಲಿ ಸಾವಿರ ಜನಕ್ಕೆ 2.7ರಿಂದ 2.3ಕ್ಕೆ. ಕೋರ್ಟು ಬಾಗಿಲು ಹಾಕಿತ್ತು, ಕೆಲಸದ ಭರವಸೆ ಇರಲಿಲ್ಲ. ಬೇರೆ ಮನೆ ಮಾಡುವ ಧೈರ್ಯ ಯಾರಿಗಿತ್ತು? ಚೀನಾದಲ್ಲಿ 2021ರಲ್ಲಿ ಸಂಖ್ಯೆ ಕುಸಿಯಿತು, ನಿಜ. ಆದರೆ ಆ ಜನವರಿಯಿಂದ ಅಲ್ಲಿ ಇಬ್ಬರೂ ಒಪ್ಪಿದ ಬಿಡುಗಡೆಗೂ 30 ದಿನ ಕಾಯಬೇಕೆಂಬ ಕಾನೂನು ಬಂದಿತ್ತು.

ತಪ್ಪು ಕಲ್ಪನೆ: ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಕಡೆ ಡೈವೋರ್ಸ್ ಕಡಿಮೆ, ಹಾಗಾಗಿ ಇಲ್ಲಿನ ಸಂಸಾರಗಳಿಗೆ ಏನೂ ಆಗಲಿಲ್ಲ.

ಸತ್ಯ: ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಿಂದೂಪುರಕ್ಕೆ ಗಡಿಯಾಚೆ ಕರ್ನಾಟಕದ ಗೌರಿಬಿದನೂರಿನ ಜೊತೆ, ಕಲ್ಯಾಣದುರ್ಗಕ್ಕೆ ಪಾವಗಡದ ಜೊತೆ ಹೆಣ್ಣು ಕೊಟ್ಟು ತರುವ ನಂಟಿದೆ. ಜಗಳ ಮಿತಿಮೀರಿದರೆ ಹೆಣ್ಣುಮಗಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು, ನಾಲ್ಕು ಸೀರೆ ಚೀಲಕ್ಕೆ ತುರುಕಿ, ಬಸ್ಸು ಹತ್ತಿ ತವರಿಗೆ ಬರುತ್ತಾಳೆ. ಅಣ್ಣ, ಸೋದರಮಾವ, ಊರ ಹಿರಿಯರು ಕೂತು ಪಂಚಾಯಿತಿ ಮಾಡುತ್ತಾರೆ. ಗಂಡ ಬಂದು ಕರೆದೊಯ್ದರೆ ಸರಿ, ಇಲ್ಲವಾದರೆ ಅವಳು ಅಲ್ಲೇ ಉಳಿಯುತ್ತಾಳೆ. ಇದಕ್ಕೆ ಕೋರ್ಟಿನ ಕಾಗದ ಇರುವುದಿಲ್ಲ. 2011ರ ಜನಗಣತಿಯಂತೆ ಇಡೀ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ಕಾಗದವಿಲ್ಲದೆ ದೂರವಾದವರು ಅದರ ಎರಡೂವರೆ ಪಟ್ಟು.

2020ರ ಮಾರ್ಚ್ 25ರಿಂದ ಆ ಬಸ್ಸು ನಿಂತಿತು, ರಾಜ್ಯದ ಗಡಿ ಮುಚ್ಚಿತು. ಬೆಂಗಳೂರಿಗೆ ಗುಳೆ ಹೋಗಿದ್ದವರು ಕೂಲಿಯಿಲ್ಲದೆ ಊರಿಗೆ ಮರಳಿದರು. ಗಡಿಯಾಚೆಯ ಅಣ್ಣ ಫೋನಿನಲ್ಲಿ ಸಮಾಧಾನ ಹೇಳಬಹುದಿತ್ತು, ಬಂದು ಬಾಗಿಲಲ್ಲಿ ನಿಲ್ಲುವಂತಿರಲಿಲ್ಲ. ಹೊಡೆತ ತಿನ್ನುವವಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ರಾಷ್ಟ್ರೀಯ ಮಹಿಳಾ ಆಯೋಗ ಏಪ್ರಿಲ್‌ನಲ್ಲಿ ವಾಟ್ಸಾಪ್ ನಂಬರು ತೆರೆದದ್ದು ಮನೆಯಿಂದ ಹೊರಬರಲಾಗದ ಇಂಥವರಿಗಾಗಿಯೇ.

ತಪ್ಪು ಕಲ್ಪನೆ: ಡೈವೋರ್ಸ್ ಬೇಡ ಎನ್ನುವವಳಿಗೆ ಕಾನೂನಿನಲ್ಲಿ ದಾರಿಯಿಲ್ಲ.

ಸತ್ಯ: 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ವಿಚ್ಛೇದನ ಕೇಳದೆಯೇ ರಕ್ಷಣೆ, ಜೀವನಾಂಶ ಪಡೆಯಬಹುದು. ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಹಿಂದೂಪುರದ ಸೊಸೆ ಗೌರಿಬಿದನೂರಿನ ತವರಿನಲ್ಲಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆಯೇ ಅರ್ಜಿ ಹಾಕಬಹುದು. ಅವರು ಕೊಟ್ಟ ಆದೇಶ ಗಡಿ ದಾಟಿ ಹಿಂದೂಪುರದಲ್ಲೂ ನಡೆಯುತ್ತದೆ.