ಕಾಡ್ ಮೀನಿನ ಎಳೆತನದ ನೆಲೆಗಳು

ಮೂಗು ಹಿಡಿದು ನುಂಗುತ್ತಿದ್ದ ಮೀನೆಣ್ಣೆಯ ದೆಸೆಯಿಂದಷ್ಟೇ ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಕಾಡ್ ಮೀನು, ಉತ್ತರ ಅಟ್ಲಾಂಟಿಕ್ ತೀರದ ಜನಗಳಿಗೆ ಶತಮಾನಗಳ ಕಾಲ ಆಹಾರವೂ ವಾಣಿಜ್ಯವೂ ಆಗಿದ್ದಿತು. ಬೆಳೆದ ಮೀನನ್ನು ಅರಸಿ ದೂರಸಾಗರಕ್ಕೆ ಹಡಗು ಹಾಯಿಸಿದವರು, ಅದರ ಸಂತಾನವು ಎಲ್ಲಿ ಆಶ್ರಯ ಪಡೆಯುವುದೆಂಬುದನ್ನು ಅಷ್ಟಾಗಿ ಚಿಂತಿಸಿದವರಲ್ಲ. ಆದರೆ ಈ ಮತ್ಸ್ಯಕುಲದ ಅಳಿವು ಉಳಿವುಗಳು ಬಹುಮಟ್ಟಿಗೆ ತೀರ್ಮಾನವಾಗುವುದು ಅಲ್ಲಿಯೇ.

ದೊಡ್ಡ ಹೆಣ್ಣು ಮೀನೊಂದು ಒಂದೇ ಋತುವಿನಲ್ಲಿ ಹಲವು ದಶಲಕ್ಷ ಮೊಟ್ಟೆಗಳನ್ನಿಡುವುದುಂಟು. ಅವು ತಳಕ್ಕಿಳಿಯದೆ ಮೇಲ್ಪದರದಲ್ಲಿ ತೇಲುವುವೆಂಬುದನ್ನು 1860ರ ದಶಕದಲ್ಲಿ ನಾರ್ವೆಯ ಲೋಫೋಟೆನ್ ದ್ವೀಪಗಳ ಬಳಿ ಕಂಡುಹಿಡಿದವನು ಜಿ. ಓ. ಸಾರ್ಸ್ ಎಂಬ ವಿಜ್ಞಾನಿ. ಅಲ್ಲಿ ವಸಂತದಲ್ಲಿ ಜನಿಸಿದ ಮರಿಗಳು ಪ್ರವಾಹದ ವಶವಾಗಿ ಉತ್ತರದ ಬಾರೆಂಟ್ಸ್ ಸಮುದ್ರದತ್ತ ಸಾಗಿ, ಶರತ್ಕಾಲದ ವೇಳೆಗೆ ತಳವನ್ನು ಸೇರುವುವು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೋನವಿಸ್ಟಾ ಕೊಲ್ಲಿಗೆ ಸೇರಿದ ನ್ಯೂಮನ್ ಸೌಂಡ್ ಎಂಬ ಕಡಲತೋಳಿನಲ್ಲಾದರೋ ಮರಿಗಳ ನೆಲೆಯು ದಡದ ಸಮೀಪದಲ್ಲಿಯೇ ಇರುವುದು. ಆಳೆತ್ತರದ ನೀರಿನಲ್ಲಿ ದಟ್ಟವಾಗಿ ಬೆಳೆದ ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ನೀಳವಾದ ಎಲೆಗಳ ನಡುವೆ, ಅದೇ ವರ್ಷ ಹುಟ್ಟಿದ ಬೆರಳುದ್ದದ ಮರಿಗಳು, ಮೈಮೇಲಣ ಕಂದು ಚೌಕುಳಿಗಳಿಂದ ನೆಳಲು ಬೆಳಕಿನಲ್ಲಿ ಮರೆಯಾಗಿ, ಸಣ್ಣ ಕಡಲಜೀವಿಗಳನ್ನು ಮೆಲ್ಲುತ್ತ ಕಾಲ ಕಳೆಯುವುವು. ಕತ್ತಲಾಯಿತೆಂದರೆ ಆಳದಿಂದ ಮೇಲೇರಿ ಬರುವ, ಅವಕ್ಕಿಂತ ಒಂದು ವರ್ಷ ಹಿರಿಯವಾದ ಸ್ವಜಾತಿಯ ಮೀನುಗಳೇ ಅವುಗಳ ಪಾಲಿಗೆ ಮೃತ್ಯು. ಸಂಶೋಧಕರು ಕೆಲವೆಡೆ ಹುಲ್ಲನ್ನು ಕಿತ್ತು, ಬರಿದಾದ ಕೆಲವೆಡೆ ಕೃತಕ ಹುಲ್ಲನ್ನು ಹಾಸಿ ಪರೀಕ್ಷಿಸಲಾಗಿ, ಕಿತ್ತಲ್ಲಿ ಮರಿಗಳು ವಿರಳವಾದುವು, ಹಾಸಿದಲ್ಲಿ ಹೆಚ್ಚಿದುವು. ವರ್ಷ ತುಂಬಿದ ಮೇಲೆ ಅವು ಕಲ್ಲುಗುಂಡುಗಳೂ ಕೆಲ್ಪ್ ಪಾಚಿಯೂ ಇರುವ ಇನ್ನಷ್ಟು ಆಳದ ತಾಣಗಳಿಗೆ ಸರಿಯುವುವು.

ದಡದಿಂದ ಬಹುದೂರವಿರುವ ಜಾರ್ಜಸ್ ಬ್ಯಾಂಕ್ ಎಂಬ ಕಡಲತಳದ ದಿಬ್ಬದಲ್ಲಿ ಹುಲ್ಲಿನ ಆಸರೆಯಿಲ್ಲ. ಅಲ್ಲಿ ಆ ಕಾರ್ಯವನ್ನು ನಿರ್ವಹಿಸುವುದು ಜಲ್ಲಿಕಲ್ಲು. 1980ರ ದಶಕದಲ್ಲಿ ಜಲಾಂತರ್ಗಾಮಿಯಲ್ಲಿ ಇಳಿದು ನೋಡಿದವರಿಗೆ, ಆ ದಿಬ್ಬದ ಈಶಾನ್ಯ ಭಾಗದ ಜಲ್ಲಿಹಾಸಿನ ಮೇಲೆ, ಕಲ್ಲಿನ ಬಣ್ಣವನ್ನೇ ತಳೆದ ಮರಿಗಳು ಗೋಚರಿಸಿದುವು. ತಳವನ್ನು ಗೀರಿ ಎಳೆಯುವ ಬಲೆಗಳು ಇಂತಹ ಹಾಸನ್ನೂ ಅದಕ್ಕೆ ಅಂಟಿ ಬೆಳೆದ ಜೀವಿಗಳನ್ನೂ ಸವರಿಹಾಕುವುವು.

ಮೀನು ತೀರ ವಿರಳವಾದುದರಿಂದ 1992ರ ಜುಲೈ 2ರಂದು ಕೆನಡಾ ಸರ್ಕಾರವು ನ್ಯೂಫೌಂಡ್‌ಲ್ಯಾಂಡಿನ ಕಾಡ್ ಬೇಟೆಯನ್ನು ನಿಷೇಧಿಸಿದಾಗ ಸುಮಾರು 30,000 ಮಂದಿಯ ಜೀವನೋಪಾಯವೇ ಕುಸಿಯಿತು. ಆ ನಿಷೇಧವು ತೆರವಾದದ್ದು 2024ರಲ್ಲಿ. ಇತ್ತ 2007ರಲ್ಲಿ ಆ ದ್ವೀಪದಲ್ಲಿ ಕಾಣಿಸಿಕೊಂಡ ಯೂರೋಪಿನ ಹಸಿರು ಏಡಿಯು ಕಡಲಹುಲ್ಲನ್ನು ಬುಡಸಹಿತ ಅಗೆದು ಕೆಡಿಸುತ್ತಿರುವುದು. ಹಿಡಿಯುವ ಮೀನಿನ ಪ್ರಮಾಣವನ್ನು ನಿಯಂತ್ರಿಸುವುದು ರಕ್ಷಣೆಯ ಅರ್ಧ ಮಾತ್ರ; ಮರಿಗಳು ಬದುಕುವ ಹುಲ್ಲನ್ನೂ ಜಲ್ಲಿಯನ್ನೂ ಕಾಯದ ಯಾವ ಮತ್ಸ್ಯನೀತಿಯೂ ಪೂರ್ಣವಾಗಲಾರದು.